ಮೂರನೆಯವರ ವಾರಂಟಿ

ಆ ಕಾರನ್ನು ಆರಿಸಿದವನು ಮೇಸ್ತ್ರಿಯೇ. ಈ ಮಾತನ್ನು ಅವನು ಆಮೇಲೆ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡ. ಕೇಳಿ ಕೇಳಿ ಎದುರುಗಡೆಯ ಟೈರಂಗಡಿಯವನಿಗೆ ಬಾಯಿಪಾಠವಾಗಿ ಹೋಗಿತ್ತು. ಹಳೇ ಕಾರು ಮಾರುವ ಅಂಗಳದಲ್ಲಿ ಅಂದು ನಲವತ್ತು ಗಾಡಿಗಳು ನಿಂತಿದ್ದವು. ಮೇಸ್ತ್ರಿ ಒಂದೊಂದನ್ನೂ ಚಾಲೂ ಮಾಡಿಸಿ, ಬಾನೆಟ್ಟಿನ ಕಡೆ ತಲೆ ವಾಲಿಸಿ, ಕಣ್ಣು ಮುಚ್ಚಿ ಕೇಳಿದ. ಹದಿನೇಳನೆಯದು ಬೂದು ಬಣ್ಣದ್ದು, ಏಳು ವರ್ಷ ಓಡಿದ್ದು. ಅದರ ಸದ್ದು ಕೇಳಿ ಕಣ್ಣು ತೆರೆದವನು ಹೆಂಡತಿಯ ಕಡೆ ತಿರುಗಿ, "ಇದನ್ನ ತಗೋ. ಹೊತ್ತಿಗೆ ಸರಿಯಾಗಿ ಉಂಡು ಮಲಗಿದ ಮೈ ಇದರದ್ದು" ಎಂದ.

ಅವನ ಕಿವಿಯ ಮೇಲೆ ಊರಿನ ಅರ್ಧ ಜನಕ್ಕೆ ನಂಬಿಕೆ. ತಗಡಿನ ಸೂರಿನ ಕೆಳಗೆ ಇಪ್ಪತ್ತೆರಡು ವರ್ಷ ಗಾಡಿ ರಿಪೇರಿ ಮಾಡಿದವನು. ಗಾಡಿ ರಸ್ತೆಯ ತಿರುವಿನಲ್ಲಿ ಬರುವಾಗಲೇ ಇದರ ಇಂಥ ಬೇರಿಂಗ್ ಹೋಗಿದೆ ಎನ್ನುತ್ತಿದ್ದ, ಬಿಚ್ಚಿ ನೋಡಿದರೆ ಹೋಗಿಯೇ ಇರುತ್ತಿತ್ತು. ಹಾಗಾಗಿ ಅವನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು.

ಹೆಂಡತಿಯದು ಮನೆ ಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದು ತರುವ ಕೆಲಸ. ಬೆಳಿಗ್ಗೆ ಆರಕ್ಕೆ ನೀಲಿ ಪೆಟ್ಟಿಗೆಯಲ್ಲಿ ರಕ್ತ ಕೆಡದಂತೆ ಮಂಜುಗಡ್ಡೆಯ ಪೊಟ್ಟಣಗಳನ್ನು ಜೋಡಿಸಿಕೊಂಡು ಹೊರಟರೆ, ಹನ್ನೆರಡೋ ಹದಿಮೂರೋ ಮನೆ ಮುಗಿಸಿ ಒಂಬತ್ತೂವರೆಯೊಳಗೆ ಪ್ರಯೋಗಾಲಯದ ಕಿಟಕಿಯಲ್ಲಿ ಪೆಟ್ಟಿಗೆ ಒಪ್ಪಿಸಬೇಕು. ಸೂಜಿ ಒಳಗೆ ಹೋದದ್ದು ಗೊತ್ತಾಗದಂಥ ಹಗುರ ಕೈ ಅವಳದ್ದು. ಮಾತೂ ಹಾಗೆಯೇ.

ಕಾರನ್ನು ಅವಳೇ ಓಡಿಸಿಕೊಂಡು ಮನೆಗೆ ಬರುತ್ತಿದ್ದಾಗ ಮೇಸ್ತ್ರಿಯ ಕಾಲ ಹತ್ತಿರ ಒಂದು ಹೊಸ ಫೈಲು ಬಿದ್ದಿತ್ತು.

"ಇದೇನಿದು?"

"ವಾರಂಟಿ. ಒಂದು ವರ್ಷಕ್ಕೆ. ನೀವು ಸ್ಟೆಪ್ನಿ ನೋಡ್ತಾ ಇದ್ರಲ್ಲ, ಆಗ ಸಹಿ ಹಾಕಿದೆ."

"ಯಾರ ವಾರಂಟಿ? ಕಾರು ಮಾಡಿದವರದ್ದು ಮುಗಿದು ನಾಲ್ಕು ವರ್ಷ ಆಗಿದೆ."

"ಅವರದ್ದಲ್ಲ."

"ಮತ್ತೆ ಮಾರಿದವನದ್ದಾ?"

"ಅವನದ್ದೂ ಅಲ್ಲ, ಮೂರನೆಯವರದ್ದು. ಇದಕ್ಕೇ ಅಂತ ಒಂದು ಕಂಪನಿ ಇದೆಯಂತೆ. ಇಂಜಿನ್, ಗೇರ್‌ಬಾಕ್ಸ್, ಎ.ಸಿ., ಏನು ಕೆಟ್ಟರೂ ಅವರೇ ನೋಡ್ಕೋತಾರಂತೆ."

ಮೇಸ್ತ್ರಿ ನಕ್ಕ. ನಗು ಅವನಿಗೇ ಒಣಒಣವಾಗಿ ಕೇಳಿಸಿತು. "ಮನೇಲಿ ನಾನಿದ್ದೀನಲ್ಲೇ."

"ಇದ್ದೀರಲ್ಲ" ಎಂದು ಅವಳು ಗೇರು ಬದಲಾಯಿಸಿದಳು. ಕಣ್ಣು ರಸ್ತೆಯ ಮೇಲೇ ಇತ್ತು.

ಮನೆಗೆ ಬಂದವನು ಕನ್ನಡಕ ಹಾಕಿಕೊಂಡು ಆ ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿದ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಚ್ಚಾಗಿದ್ದ ಒಂಬತ್ತನೆಯ ನಿಯಮ ಹೀಗಿತ್ತು: ಪಟ್ಟಿಯಲ್ಲಿರುವ ಗ್ಯಾರೇಜುಗಳನ್ನು ಬಿಟ್ಟು ಬೇರೆ ಯಾರೇ ಆಗಲಿ ಬಾನೆಟ್ಟಿನೊಳಗೆ ಬಿಚ್ಚಿ ಜೋಡಿಸುವ ಕೆಲಸ ಮಾಡಿದರೆ ವಾರಂಟಿ ಪೂರ್ತಿ ರದ್ದು. ಪಟ್ಟಿ ಕೊನೆಯ ಹಾಳೆಯಲ್ಲಿತ್ತು. ಅವರ ಭಾಗಕ್ಕೆ ಒಂದೇ ಒಂದು ಗ್ಯಾರೇಜಿನ ಹೆಸರು ಕೊಟ್ಟಿದ್ದರು. ಅದು ಇಸ್ತ್ರಿಯದ್ದು.

ಮೇಸ್ತ್ರಿಗೆ ಯಾರೋ ಹೊಟ್ಟೆಯೊಳಗೆ ಒಂದು ಮೊರ ಕೆಂಡ ಸುರಿದ ಹಾಗಾಯಿತು.

ಇಸ್ತ್ರಿ ಎಂದರೆ ಬೇರೆ ಯಾರೂ ಅಲ್ಲ, ಒಂದು ಕಾಲಕ್ಕೆ ಇದೇ ತಗಡಿನ ಸೂರಿನ ಕೆಳಗೆ ಒಂಬತ್ತು ವರ್ಷ ಅವನ ಜೊತೆ ಭುಜಕ್ಕೆ ಭುಜ ಕೊಟ್ಟು ದುಡಿದ ಪಾಲುದಾರ. ಎಷ್ಟು ಗಾಡಿಯ ಕೆಳಗೆ ನುಸುಳಿ ಎದ್ದರೂ ಅಂಗಿಯ ಮಡಿಕೆ ಕೆಡದಂತೆ ಇರುತ್ತಿದ್ದುದರಿಂದ ಆ ಹೆಸರು. ಬೀದಿಯವರು ಇಬ್ಬರನ್ನೂ ಸೇರಿಸಿ "ಮೇಸ್ತ್ರಿ-ಇಸ್ತ್ರಿ ಗ್ಯಾರೇಜು" ಎನ್ನುತ್ತಿದ್ದರು. ಆರು ವರ್ಷದ ಹಿಂದೆ ಇಸ್ತ್ರಿ ತನ್ನ ಪಾಲು ತೆಗೆದುಕೊಂಡು, ಜಗಳವಿಲ್ಲದೆ, ನಗುನಗುತ್ತಲೇ ಹೋಗಿ ದೊಡ್ಡ ರಸ್ತೆಯಲ್ಲಿ ಗಾಜಿನ ಗೋಡೆಯ ಗ್ಯಾರೇಜು ತೆರೆದ. ಜಗಳವಾಡಿ ಹೋಗಿದ್ದರೆ ಮೇಸ್ತ್ರಿಗೆ ಸಮಾಧಾನವಿರುತ್ತಿತ್ತು. ಒಂದು ಒಳ್ಳೆಯ ಜಗಳವನ್ನಾದರೂ ನೆನೆಸಿಕೊಂಡು ಹಲ್ಲು ಕಡಿಯಬಹುದಿತ್ತು.

"ನೋಡಿದ್ಯಾ, ಯಾರ ಗ್ಯಾರೇಜು ಅಂತ?" ಎಂದು ಹೆಂಡತಿಯನ್ನು ಕೇಳಿದ.

"ನೋಡಿದೆ. ಪರಿಚಯದವರೇ ಆದರು, ಒಳ್ಳೇದಾಯ್ತಲ್ಲ" ಎಂದಳು.

ಮೇಸ್ತ್ರಿ ಫೈಲು ಮುಚ್ಚಿ ಕನ್ನಡಕ ತೆಗೆದ.

ಹದಿನೈದು ದಿನಕ್ಕೆ ಮೊದಲ ತಪಾಸಣೆ. ಅವಳು ಹೋಗಿ ಬಂದಳು. ಬಂದವಳ ಮುಖದಲ್ಲಿ ತವರಿಗೆ ಹೋಗಿ ಬಂದ ಕಳೆ. ಅಲ್ಲಿ ಕೂತುಕೊಳ್ಳಲು ಸೋಫಾ ಇದೆಯಂತೆ. ಒಳಗೆ ಹೋದ ತಕ್ಷಣ ಟೋಕನ್ ಕೊಡುತ್ತಾರಂತೆ. ಯಾವ ಹೊತ್ತಿಗೆ ಗಾಡಿ ಸಿಗುತ್ತದೆಂದು ಗೋಡೆಯ ಪರದೆಯ ಮೇಲೆ ಬರುತ್ತದಂತೆ, ಹೇಳಿದ ಹೊತ್ತಿಗೆ ಸಿಕ್ಕಿಯೇ ಸಿಕ್ಕಿತಂತೆ.

"ನಿಮ್ಮ ಫ್ರೆಂಡು 'ಅತ್ತಿಗೆ, ಬನ್ನಿ' ಅಂತ ಕರೆದು ಎಲ್ಲಾ ತೋರಿಸಿದರು. ಇಂಜಿನ್ ಒಳಗೆ ಒಂದು ಚೈನ್ ಇರುತ್ತಂತಲ್ಲ? ಸೈಕಲ್ಲಿನ ಚೈನಿನ ಹಾಗೆ? ನನಗೆ ಗೊತ್ತೇ ಇರ್ಲಿಲ್ಲ ನೋಡಿ."

"ಅದು ಎಲ್ಲಾ ಗಾಡೀಲೂ ಇರಲ್ಲ" ಎಂದ ಮೇಸ್ತ್ರಿ.

"ಇದರಲ್ಲಿ ಇದೆಯಂತೆ. ನೀವು ಯಾವತ್ತೂ ಹೇಳೇ ಇಲ್ಲ."

ಅವಳು ಕೇಳಿರಲೂ ಇಲ್ಲ ಎನ್ನಬೇಕೆಂದುಕೊಂಡ. ಕೇಳಿದ್ದಳೇನೋ ಎಂಬ ಅನುಮಾನವೂ ಬಂತು.

ಆಮೇಲಾಮೇಲೆ ಫೋನು ಬರತೊಡಗಿತು. ಟೈರಿನ ಗಾಳಿ ಎಷ್ಟಿರಬೇಕು, ಮುಂದಿನ ಸರ್ವೀಸಿಗೆ ಯಾವ ದಿನ ಅನುಕೂಲ, ಇಂಥದ್ದೇ ಎರಡು ನಿಮಿಷದ ಮಾತು. ಹಾಗಿದ್ದರೂ ಅವಳು ಫೋನಿನಲ್ಲಿ ನಕ್ಕಳೆಂದರೆ ಮೇಸ್ತ್ರಿಯ ಕಿವಿ ನಿಮಿರುತ್ತಿತ್ತು. ಇಪ್ಪತ್ತೆರಡು ವರ್ಷ ಎಲ್ಲರ ಇಂಜಿನ್ನಿನ ಒಳಗುಟ್ಟು ಕೇಳಿದ ಕಿವಿ ಈಗ ಹೆಂಡತಿಯ ನಗುವಿನಲ್ಲಿ ಏನೇನೋ ಸದ್ದು ಹುಡುಕಲು ಹೊರಟಿತ್ತು. ಅವಳ ಮೇಲೆ ಅವನಿಗೆ ಕೆಟ್ಟ ಅನುಮಾನವಿರಲಿಲ್ಲ, ಅಂಥವನಲ್ಲ. ಆದರೆ ಗಂಡ ಬೇರೆ ಹೆಂಗಸಿನ ಅಡುಗೆ ಹೊಗಳಿದರೆ ಹೆಂಡತಿಗೆ ಉರಿಯುವ ಹಾಗೆ, ಅವಳು ಇಸ್ತ್ರಿಯ ಕೆಲಸ ಹೊಗಳಿದರೆ ಅವನ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ, ಅವಳು ಎ.ಸಿ. ತೋರಿಸಲು ಅಲ್ಲಿಗೆ ಹೋಗಿದ್ದಾಗ, ಬೋಲ್ಟು ತರುವ ನೆಪ ಮಾಡಿಕೊಂಡು ದೊಡ್ಡ ರಸ್ತೆಗೆ ಹೋದ. ಇಸ್ತ್ರಿಯ ಗ್ಯಾರೇಜಿನ ಎದುರು ಔಷಧಿ ಅಂಗಡಿ. ಅದರ ನೆರಳಿನಲ್ಲಿ ನಿಂತು ಗಾಜಿನ ಗೋಡೆಯ ಕಡೆ ನೋಡಿದ. ಬಾನೆಟ್ಟು ತೆರೆದಿತ್ತು. ಇಸ್ತ್ರಿ ಟಾರ್ಚು ಹಿಡಿದು ಏನೋ ತೋರಿಸುತ್ತಿದ್ದ. ಹೆಂಡತಿ ಬಗ್ಗಿ, ಮುಂಗೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಪಾಠ ಕೇಳುವವಳಂತೆ ನೋಡುತ್ತಿದ್ದಳು. ಅವಳು ಏನೋ ಕೇಳಿದಳು. ಇಸ್ತ್ರಿ ಆಯಿಲ್ ನೋಡುವ ಕಡ್ಡಿಯನ್ನು ಎಳೆದು, ಒರೆಸಿ, ಅವಳ ಕೈಗೇ ಕೊಟ್ಟ. ಅವಳು ಅದನ್ನು ಒಳಗಿಳಿಸಿ, ಹೊರತೆಗೆದು, ಬೆಳಕಿಗೆ ಹಿಡಿದು, ಗುರುತು ನೋಡಿ ತಲೆಯಾಡಿಸಿದಳು. ರಕ್ತದ ಕೊಳವೆಯನ್ನು ಹಿಡಿದು ನೋಡುವ ಹಾಗೆಯೇ ಹಿಡಿದಿದ್ದಳು.

ಮದುವೆಯಾಗಿ ಹತ್ತೊಂಬತ್ತು ವರ್ಷ. ಆ ಕಡ್ಡಿಯನ್ನು ಮೇಸ್ತ್ರಿ ಒಂದು ದಿನವೂ ಅವಳ ಕೈಗೆ ಕೊಟ್ಟವನಲ್ಲ. "ಕೈ ಮಸಿ ಆಗುತ್ತೆ, ಸರಿ ಅತ್ಲಾಗೆ" ಎನ್ನುತ್ತಿದ್ದ.

ವಾಪಸು ಬಂದು ಒಂದು ಲಾರಿಯ ಬ್ರೇಕ್ ಡ್ರಮ್ಮನ್ನು ಬೇಕಿದ್ದಕ್ಕಿಂತ ಹೆಚ್ಚಾಗಿ ಸುತ್ತಿಗೆಯಿಂದ ಬಡಿದ.

"ಯಾಕೆ ಮೇಸ್ತ್ರಿ, ಅದು ನಿನಗೇನು ಬೈತಾ?" ಎಂದು ಟೈರಂಗಡಿಯವನು ಅಲ್ಲಿಂದಲೇ ಕೂಗಿದ.

ಇದಾಗಿ ತಿಂಗಳೊಪ್ಪತ್ತಾಗಿರಬೇಕು. ಬೆಳಿಗ್ಗೆ ಮೇಸ್ತ್ರಿ ಬಚ್ಚಲಿನಲ್ಲಿ ಹಲ್ಲುಜ್ಜುತ್ತಿದ್ದ. ಹೊರಗೆ ಹೆಂಡತಿ ಕಾರು ಚಾಲೂ ಮಾಡಿದಳು. ಅವನ ಕೈ ನಿಂತಿತು. ಇಂಜಿನ್ನಿನ ಗುರ್ರ್ ಎನ್ನುವ ಸದ್ದಿನ ಕೆಳಗೆ, ದಾರದಷ್ಟು ಸಣ್ಣದೊಂದು ಸಿಳ್ಳೆ. ಬೇರೆ ಯಾರಿಗೂ ಕೇಳಿಸುವಂಥದ್ದಲ್ಲ. ನೀರಿನ ಪಂಪಿನ ಬೇರಿಂಗು. ಇಂಜಿನ್ನನ್ನು ತಂಪಾಗಿಡುವ ನೀರನ್ನು ಸುತ್ತಾಡಿಸುವ ಆ ಪಂಪು ನಿಂತರೆ ಕೆಲವೇ ನಿಮಿಷದಲ್ಲಿ ಇಂಜಿನ್ನು ಕಾದು ಬೆಂದುಹೋಗುತ್ತದೆ. ಎರಡು ತಿಂಗಳು ತಡೆಯಬಹುದು, ಬಹಳವೆಂದರೆ ಮೂರು.

ಬಾಯಿ ಮುಕ್ಕಳಿಸಿ ಹೊರಗೆ ಓಡಿದ. ಕಾರು ಇನ್ನೂ ಗೇಟು ದಾಟಿರಲಿಲ್ಲ.

"ಏನು?" ಎಂದಳು ಕಿಟಕಿ ಇಳಿಸಿ.

ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಷ್ಟರಲ್ಲಿ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು: ತಾನು ಹೇಳುವುದು, ಅವಳು ಇಸ್ತ್ರಿಯ ಹತ್ತಿರ ಹೋಗುವುದು, ಅವನು ಟಾರ್ಚು ಬಿಟ್ಟು ತೋರಿಸುವುದು, ಪುಕ್ಕಟೆಯಾಗಿ ಹೊಸ ಪಂಪು ಹಾಕುವುದು, ಸಂಜೆ ಇವಳು ಬಂದು ಅದನ್ನು ಬಾಯ್ತುಂಬ ವರ್ಣಿಸುವುದು.

"ಏನಿಲ್ಲ. ಹುಷಾರು" ಎಂದ.

ಮುಂದಿನ ತಿಂಗಳು ಆರು ತಿಂಗಳ ಸರ್ವೀಸು ಬಂತು. ಇಸ್ತ್ರಿಯ ಮಷಿನ್ನುಗಳಿಗೆ, ಇಸ್ತ್ರಿಯ ಹನ್ನೆರಡು ಜನ ಕೆಲಸಗಾರರಿಗೆ ಆ ಸಿಳ್ಳೆ ಸಿಗುತ್ತದೋ ಇಲ್ಲವೋ ಎಂದು ಮೇಸ್ತ್ರಿ ಅಂದು ಇಡೀ ದಿನ ಉಸಿರು ಬಿಗಿಹಿಡಿದಿದ್ದ. ಸಂಜೆ ಅವಳು ಅಚ್ಚಾದ ಹಾಳೆ ತಂದಳು. ನಲವತ್ತೆರಡು ಸಾಲು, ಪ್ರತಿಯೊಂದರ ಮುಂದೂ ಹಸಿರು ಗುರುತು. ನೀರಿನ ಪಂಪು: ಸರಿಯಾಗಿದೆ.

ಮೇಸ್ತ್ರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಟೈರಂಗಡಿಗೆ ಹೋಗಿ, ಕಾರಣ ಹೇಳದೆ ಅವನಿಗೆ ಚಹಾ ಕೊಡಿಸಿದ. ಗಾಜಿನ ಗೋಡೆ, ಸೋಫಾ, ಟೋಕನ್ನು, ಪರದೆ! ಕೆಟ್ಟುಹೋದ ಒಂದು ಬೇರಿಂಗಿನ ಸದ್ದು ಹಿಡಿಯಲು ಯೋಗ್ಯತೆಯಿಲ್ಲ!

ಖುಷಿ ಎರಡು ದಿನ ಬಾಳಿತು. ಮೂರನೆಯ ದಿನ ಬೆಳಿಗ್ಗೆ ಹೆಂಡತಿ ಹೊರಟಾಗ ಸಿಳ್ಳೆ ಮೊದಲಿಗಿಂತ ದಪ್ಪವಾಗಿತ್ತು. ಅವಳು ಹೋಗುವ ದಾರಿಯಲ್ಲಿ ಹೆದ್ದಾರಿಯಿತ್ತು. ಅಲ್ಲಿ ಭಾರದ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುತ್ತವೆ. ಅದರ ನಡುವೆ ಬೂದು ಕಾರು ಹೊಗೆ ಕಾರಿ ನಿಂತ ಚಿತ್ರ ಒಮ್ಮೆ ಮನಸ್ಸಿಗೆ ಬಂದದ್ದು ಮತ್ತೆ ಹೋಗಲಿಲ್ಲ. ಒಂಬತ್ತೂವರೆಗೆ ಅವಳು ಪೆಟ್ಟಿಗೆ ಒಪ್ಪಿಸಿ "ಮುಗೀತು" ಎಂದು ಸಂದೇಶ ಕಳಿಸುವವರೆಗೂ ಅವನು ಗಳಿಗೆಗೊಮ್ಮೆ ಫೋನು ತೆಗೆದು ನೋಡುತ್ತಿದ್ದ. ಆದರೂ ಹೇಳಲಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ ಏನನ್ನುವುದು? ಹೀಗೆ ಎರಡು ತಿಂಗಳು ತುಂಬಿತು.

ಒಂದು ಭಾನುವಾರ ಅವಳು ಅಕ್ಕನ ಜೊತೆ ಅಕ್ಕನ ಕಾರಿನಲ್ಲಿ ಪಕ್ಕದ ಊರಿಗೆ ಹೋದಳು. ಸಂಜೆಗೆ ಬರುವವಳು. ಅವಳು ತಿರುವು ದಾಟಿದ್ದೇ ತಡ, ಮೇಸ್ತ್ರಿ ಬೂದು ಕಾರನ್ನು ತಗಡಿನ ಸೂರಿನೊಳಗೆ ತಂದು, ಬಾಗಿಲೆಳೆದು, ತಾನೇ ಕಳ್ಳನ ಹಾಗೆ ಅತ್ತಿತ್ತ ನೋಡಿ, ಬಾನೆಟ್ಟು ಎತ್ತಿದ. ನೀರು ಇಳಿಸಿದ, ಬೆಲ್ಟು ಕಳಚಿದ, ಹಳೇ ಪಂಪನ್ನು ಬಿಚ್ಚಿ ಬೆರಳಲ್ಲಿ ತಿರುಗಿಸಿದ. ಅದು ಗೊರಗೊರ ಎಂದಿತು. ಹೊಸದನ್ನು ಕೂರಿಸಿ, ಒಂದೊಂದು ಬೋಲ್ಟನ್ನೂ ಬಿಗಿ ಮಾಡಿ, ಚಾಲೂ ಮಾಡಿ ಕೇಳಿದ. ಮೂರು ತಾಸಿನ ಆ ಕೆಲಸದಲ್ಲಿ ಅವನಿಗೆ ಎಷ್ಟೋ ತಿಂಗಳಿಂದ ಕಾಣದ ನೆಮ್ಮದಿ ಸಿಕ್ಕಿತು. ಹೆಂಡತಿಯ ಕಾರು ತನ್ನ ಕೈಗೆ ಬಂದಿತ್ತು. ಅವಳಿಗೆ ಗೊತ್ತಾಗಲಿಲ್ಲ.

ಇಪ್ಪತ್ತು ದಿನ ಕಳೆಯಿತು. ಅಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳ ಫೋನು ಬಂತು.

"ಪೆಟ್ಟಿಗೆ ಒಪ್ಪಿಸಿ ಬರ್ತಾ ಇದ್ದೆ. ಮೇಲ್ಸೇತುವೆ ಏರುವಾಗ ಗೇರು ಸಿಕ್ಕಿಹಾಕ್ಕೊಂಡು ಕರಕರ ಅಂತು. ಕಂಪನಿಗೆ ಫೋನ್ ಮಾಡಿದೆ, ಅವರೇ ಎಳೆಸಿಕೊಂಡು ಗ್ಯಾರೇಜಿಗೆ ತಂದಿದ್ದಾರೆ. ಪರೀಕ್ಷೆ ಮಾಡೋಕೆ ಅವರ ಕಡೆಯವರು ಬರ್ತಾರಂತೆ. ನೀವೂ ಬರ್ತೀರಾ?"

ಗೇರ್‌ಬಾಕ್ಸು! ಮೇಸ್ತ್ರಿಗೆ ಮೊದಲು ಆದದ್ದು ನಾಚಿಕೆ. ಗೇರ್‌ಬಾಕ್ಸು ಒಂದೇ ದಿನದಲ್ಲಿ ಹೋಗುವಂಥದ್ದಲ್ಲ, ವಾರಗಟ್ಟಲೆ ಸುಳಿವು ಕೊಟ್ಟೇ ಹೋಗುತ್ತದೆ. ಪಂಪಿನ ಸಿಳ್ಳೆಯೊಂದರ ಹಿಂದೆಯೇ ಕಿವಿ ಇಟ್ಟುಕೊಂಡವನಿಗೆ ಅದು ಕೇಳಿಸಿಯೇ ಇರಲಿಲ್ಲ.

ಇಸ್ತ್ರಿಯ ಗ್ಯಾರೇಜಿನೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ನೆಲ ಆಸ್ಪತ್ರೆಯ ನೆಲದಂತಿತ್ತು. ವಾರಂಟಿ ಕಂಪನಿಯ ಪರೀಕ್ಷಕಿ ಬಂದಾಗಿತ್ತು. ಸಣ್ಣ ವಯಸ್ಸಿನ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ಕಾರು ಕೊಂಡ ದಿನ ತೆಗೆದ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ, ತೆರೆದ ಬಾನೆಟ್ಟಿನೊಳಗೆ ಇಣುಕುತ್ತ ಇದ್ದವಳು ಒಂದು ಕಡೆ ನಿಂತಳು.

"ಸರ್, ಈ ವಾಟರ್ ಪಂಪ್ ಹಳೇದಲ್ಲ. ಫೋಟೋದಲ್ಲಿ ಇರೋದಕ್ಕೆ ತುಕ್ಕಿದೆ, ಇದು ಹೊಳೀತಾ ಇದೆ. ಯಾರು ಬದಲಾಯಿಸಿದ್ದು? ನಮ್ಮ ದಾಖಲೇಲಿ ಇಲ್ಲ."

ಹೆಂಡತಿ "ಪಂಪಾ?" ಎಂದಳು. ಆಮೇಲೆ ನಿಧಾನವಾಗಿ ತಿರುಗಿ ಗಂಡನ ಮುಖ ನೋಡಿದಳು. ಮೇಸ್ತ್ರಿ ಗೋಡೆಯ ಮೇಲಿನ ಪರದೆಯನ್ನು ಓದುವವನಂತೆ ನಿಂತ.

ಇಸ್ತ್ರಿ ಬಗ್ಗಿ ನೋಡಿದ. ಒಂಬತ್ತು ವರ್ಷ ಪಕ್ಕದಲ್ಲಿ ಕೆಲಸ ಮಾಡಿದವನು. ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಗೂ ಒಂದು ಹಳದಿ ಚುಕ್ಕೆ ಇಡುವ ಅಭ್ಯಾಸ ಯಾರದ್ದೆಂದು ಅವನಿಗೆ ಗೊತ್ತಾಗಲು ಅರೆಗಳಿಗೆಯೂ ಬೇಕಾಗಲಿಲ್ಲ. ನೆಟ್ಟಗೆ ನಿಂತು, ಅಂಗಿಯ ತೋಳು ಸರಿಮಾಡಿಕೊಂಡು, ತಣ್ಣಗೆ ಹೇಳಿದ:

"ಅದಾ? ನಮ್ಮಲ್ಲೇ ಹಾಕಿದ್ದು ಮೇಡಂ. ಕಂಪ್ಯೂಟರಿಗೆ ಹತ್ತಿಸೋದು ಬಿಟ್ಟುಹೋಗಿದೆ. ಸಂಜೆಯೊಳಗೆ ಬಿಲ್ ಕಳಿಸ್ತೀನಿ."

ಹುಡುಗಿ ತಲೆಯಾಡಿಸಿ ಟ್ಯಾಬಿನ ಮೇಲೆ ಬೆರಳಿಟ್ಟಳು. ಹೆಂಡತಿಯ ಕಣ್ಣುಗಳು ಇಸ್ತ್ರಿಯ ಮೇಲೆ ನಿಂತವು. ಮುಳುಗುವವರು ಕೈ ಚಾಚಿದವರನ್ನು ನೋಡುವ ನೋಟ ಅದು. ಅಷ್ಟಕ್ಕೇ ನಿಂತಿದ್ದರೆ ಕತೆ ಮುಗಿದುಹೋಗುತ್ತಿತ್ತು. ಆದರೆ ಇಸ್ತ್ರಿ ಸುಳ್ಳಿಗೆ ಇನ್ನಷ್ಟು ಬಲ ಬರಲೆಂದು ಪಂಪನ್ನು ತಟ್ಟಿ, "ಹೇಗೆ ಕೂತಿದೆ ನೋಡಿ, ಒಂದು ತೊಟ್ಟು ಸೋರಿಲ್ಲ. ನಮ್ಮವರ ಕೈಕೆಲಸ ಅಂದ್ರೆ ಹಾಗೆ" ಎಂದುಬಿಟ್ಟ.

"ನಿಮ್ಮವರದ್ದಲ್ಲ!"

ಗ್ಯಾರೇಜಿನಲ್ಲಿದ್ದ ಹನ್ನೆರಡೂ ಜನ ತಿರುಗಿ ನೋಡಿದರು. ಮೇಸ್ತ್ರಿಯ ದನಿ ಅವನಿಗೇ ಗುರುತು ಸಿಗದಷ್ಟು ಮೇಲೇರಿತ್ತು.

"ನಾನು ಹಾಕಿದ್ದು ಅದು! ನಾನು! ನನ್ನ ಶೆಡ್ಡಿನಲ್ಲಿ! ಇವರ ನಲವತ್ತೆರಡು ಹಸಿರು ಗುರುತಿನಲ್ಲಿ ಪಂಪು ಸರಿಯಾಗಿದೆ ಅಂತ ಬರೆದಿದ್ರು. ಸತ್ತುಹೋಗಿತ್ತು ಅದು. ನನ್ನ ಕಿವಿಗೆ ಬಿತ್ತು, ಇವರ ಯಾವ ಮಷಿನ್ನಿಗೂ ಬೀಳಲಿಲ್ಲ!"

ಇಸ್ತ್ರಿ ಹಣೆ ಒತ್ತಿಕೊಂಡ. ಪರೀಕ್ಷಕಿ ಒಬ್ಬೊಬ್ಬರ ಮುಖವನ್ನೂ ನೋಡಿ, ನಿಜವಾಗಿಯೂ ಬೇಸರಪಟ್ಟುಕೊಂಡೇ ಹೇಳಿದಳು: "ಸರ್, ಪಂಪ್ ಕೂಡ ವಾರಂಟಿಯಲ್ಲೇ ಇತ್ತು. ಒಂದು ಫೋನ್ ಮಾಡಿದ್ರೆ ನಾವೇ ಹಾಕಿಸ್ತಿದ್ವಿ. ಈಗ ನೀವೇ ಬಾಯಿಬಿಟ್ಟು ಹೇಳಿದ ಮೇಲೆ ನಾನು ಬರೀದೆ ಇರೋಕಾಗಲ್ಲ. ಮೇಡಂ, ಸಾರಿ."

ವಾರಂಟಿ ರದ್ದಾಯಿತು. ಗೇರ್‌ಬಾಕ್ಸಿನ ಖರ್ಚು ಮನೆಯವರ ಮೇಲೆ ಬಿತ್ತು.

ಹೆಂಡತಿ ತಾನೇ ಆಟೋ ಕರೆದಳು. ಮನೆಗೆ ಬಂದು, ಅಡುಗೆಮನೆಯ ಮೇಜಿನ ಮುಂದೆ ಕೂತು, ಮರುದಿನದ ಖಾಲಿ ಕೊಳವೆಗಳಿಗೆ ಚೀಟಿ ಅಂಟಿಸತೊಡಗಿದಳು. ಮೇಸ್ತ್ರಿ ಬಾಗಿಲಲ್ಲಿ ನಿಂತ.

"ನಿಜ ಹೇಳಿಬಿಟ್ಟೆ, ಅಷ್ಟೇ. ಸುಳ್ಳು ಬಿಲ್ಲು ಬರೆಸೋದು ತಪ್ಪಲ್ವಾ?"

"ನಿಜ ಅಂತ ಹೇಳಿದ್ದಲ್ಲ ನೀವು. ನಿಮ್ಮ ಕೆಲಸಾನ ಅವರು ತಮ್ಮದು ಅಂತ ಹೊಗಳ್ಕೊಂಡ್ರಲ್ಲ, ಅದಕ್ಕೆ ಹೇಳಿದ್ರಿ." ಅವಳು ತಲೆಯೆತ್ತಲಿಲ್ಲ. "ಯಾವಾಗಿಂದ ಗೊತ್ತಿತ್ತು?"

"ಏನು?"

"ಪಂಪು. ನಿಮ್ಮ ಕಿವಿಗೆ ಅದು ಮೊದಲ ದಿನವೇ ಬಿದ್ದಿರತ್ತೆ."

ಬೇರೆ ಏನಾದರೂ ಹೇಳಲು ನೋಡಿದ. ಆಗಲಿಲ್ಲ. "ಎರಡು ತಿಂಗಳು."

ಅವಳ ಕೈ ನಿಂತಿತು. "ಎರಡು ತಿಂಗಳು ದಿನಾ ಬೆಳಿಗ್ಗೆ ಆ ಹೆದ್ದಾರಿ ದಾಟಿದೀನಿ."

"ಬದಲಾಯಿಸಿದೆನಲ್ಲ..."

"ಎರಡು ತಿಂಗಳಾದ ಮೇಲೆ."

ಅವಳು ಒಂದು ಕೊಳವೆಯನ್ನು ಸ್ಟ್ಯಾಂಡಿನಲ್ಲಿ ಸಿಕ್ಕಿಸಿದಳು.

"ಹಳೇ ಕಾರಿನ ಬೆಲ್ಟು ಕಿರ್ ಅಂತಿದೆ ಅಂತ ನಿಮಗೆ ಹೇಳಿದ್ದೆ, ನೆನಪಿದೆಯಾ? ನಾಳೆ ನೋಡ್ತೀನಿ ಅಂದ್ರಿ. ಹನ್ನೊಂದು ದಿನ 'ನಾಳೆ' ಅಂದ್ರಿ. ಹನ್ನೆರಡನೇ ದಿನ ಅದು ಹರಿದು ದಾರೀಲಿ ನಿಂತೆ. ಪೆಟ್ಟಿಗೇಲಿದ್ದ ರಕ್ತ ಎಲ್ಲಾ ಹಾಳಾಯ್ತು. ಹದಿಮೂರು ಮನೆಗೆ ಮತ್ತೆ ಹೋದೆ. ಅದರಲ್ಲಿ ಒಬ್ಬರು ತೊಂಬತ್ತರ ಅಜ್ಜಿ, ನರ ಸಿಗೋದೇ ಇಲ್ಲ ಅವರಿಗೆ. ನಾಲ್ಕು ಸಲ ಚುಚ್ಚಿದೆ. ಅವರು ಅಳಲಿಲ್ಲ, ನಾನು ಅತ್ತೆ. ನಿಮಗೆ ಹೇಳ್ಲಿಲ್ಲ, ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ."

"ಒಂದು ಮಾತು ಹೇಳಿದ್ರೆ..."

"ಹನ್ನೊಂದು ಸಲ ಹೇಳಿದೀನಿ. ಎಲ್ಲರ ಗಾಡೀನೂ ಮುಗಿದ ಮೇಲೆ ನಂದು. ನಿಮ್ಮ ಹತ್ರ ಗಿರಾಕಿಯ ಹಾಗೆ ದಬಾಯಿಸೋಕೂ ಆಗಲ್ಲ, ಹೆಂಡತಿಯ ಹಾಗೆ ಕಾಯೋದೂ ಸಾಕಾಯ್ತು. ಅಲ್ಲಿ ಟೋಕನ್ ಕೊಡ್ತಾರೆ. ನಾನು ದುಡ್ಡು ಕೊಟ್ಟು ತಗೊಂಡಿದ್ದು ಆ ಟೋಕನ್ನು, ಅಷ್ಟೇ. ನಿಮ್ಮ ಫ್ರೆಂಡನ್ನಲ್ಲ."

"ಅವನ ಹತ್ರ ಅಷ್ಟು ನಗ್ತೀಯಲ್ಲ" ಎಂದ ಮೇಸ್ತ್ರಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. "ಕೇಳಿದ್ದಕ್ಕೆ ಉತ್ತರ ಹೇಳ್ತಾರೆ ರೀ. ಯಾರು ಹೇಳಿದ್ರೂ ನಗ್ತೀನಿ."

ಮರುದಿನದಿಂದ ಅವಳು ಬಸ್ಸಿನಲ್ಲಿ ಹೋದಳು. ಐದು ಗಂಟೆಗೇ ಏಳುತ್ತಿದ್ದಳು. ಕಾರನ್ನು ಎಳೆಸಿ ತಂದು ತಗಡಿನ ಸೂರಿನ ಕೆಳಗೆ ನಿಲ್ಲಿಸಿದರು. ಅವಳು ಅಲ್ಲಿಗೆ ಬಂದು, ಬೇರೆ ಗಿರಾಕಿಗಳೆಲ್ಲ ಇರುವಾಗಲೇ, "ಯಾವತ್ತು ಕೊಡ್ತೀರಿ ಅಂತ ಚೀಟಿ ಬರೆದುಕೊಡಿ" ಎಂದಳು. ಟೈರಂಗಡಿಯವನು ಕತ್ತು ಉದ್ದ ಮಾಡಿ ನೋಡುತ್ತಿದ್ದ. ಮೇಸ್ತ್ರಿ ಸಿಗರೇಟು ಪ್ಯಾಕಿನ ಹಿಂದೆ ಬರೆಯಲು ಹೋದ.

"ಅದರ ಮೇಲಲ್ಲ."

ಬಿಳಿ ಹಾಳೆ ಹುಡುಕಿ ಬರೆದುಕೊಟ್ಟ: ಮುಂದಿನ ಬುಧವಾರ, ಬೆಳಿಗ್ಗೆ ಎಂಟು ಗಂಟೆ.

ಬರೆದುಕೊಟ್ಟಾದ ಮೇಲೆ ತಿಳಿಯಿತು, ಅದು ಸುಲಭದ ಮಾತಲ್ಲ. ಗೇರ್‌ಬಾಕ್ಸು ಬಿಚ್ಚಿ ನೋಡಿದರೆ ಒಳಗಿನ ಎರಡು ಬೇರಿಂಗು ಪುಡಿಪುಡಿ. ಅವನ್ನು ಗೇರುಗಳನ್ನು ಹೊತ್ತ ಉಕ್ಕಿನ ದಂಡದಿಂದ ಹೊರಗೆಳೆದು ಹೊಸದನ್ನು ಒತ್ತಿ ಕೂರಿಸಲು ದೊಡ್ಡ ಪ್ರೆಸ್ಸು ಬೇಕು. ಆ ಸುತ್ತಿನಲ್ಲಿ ಅದು ಇದ್ದದ್ದು ಒಂದೇ ಕಡೆ. ಮೇಸ್ತ್ರಿ ಎರಡು ದಿನ ಸುತ್ತಿಗೆಯಲ್ಲೇ ಆಗುತ್ತದೆಂದು ಹಟ ಹಿಡಿದ. ಸೋಮವಾರ ಮಧ್ಯಾಹ್ನ ದಂಡವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಮುಖ ನೆಲಕ್ಕೆ ಹಾಕಿಕೊಂಡು, ದೊಡ್ಡ ರಸ್ತೆಗೆ ನಡೆದ.

ಇಸ್ತ್ರಿ ಗೋಣಿಚೀಲ ಬಿಚ್ಚಿ ನೋಡಿದ. ಪ್ರೆಸ್ಸಿನ ಹತ್ತಿರ ಕರೆದೊಯ್ದ. ಒಬ್ಬ ಹಿಡಿದ, ಒಬ್ಬ ಒತ್ತಿದ. ಹಳೇ ಅಭ್ಯಾಸ, ಮಾತಿನ ಅಗತ್ಯವೇ ಬೀಳಲಿಲ್ಲ. ಮೊದಲ ಬೇರಿಂಗು ಟಪ್ಪೆಂದು ಕೂತಾಗ ಮೇಸ್ತ್ರಿ ತಡೆಯಲಾರದೆ ಬಾಯಿಬಿಟ್ಟ.

"ಅವತ್ತು ನೀನು ಯಾಕೆ ಸುಳ್ಳು ಹೇಳಿದೆ? ನನ್ನನ್ನ ಸಣ್ಣವನನ್ನಾಗಿ ಮಾಡೋಕಾ?"

"ಯಾರನ್ನ?"

"ನನ್ನನ್ನ ಕಣೋ."

ಇಸ್ತ್ರಿ ಕಣ್ಣು ಬಿಟ್ಟು ನೋಡಿದ. "ಅತ್ತಿಗೆಗೆ ಬೆಳಿಗ್ಗೆ ಗಾಡಿ ಇಲ್ಲದೆ ಕೆಲಸ ನಡೆಯಲ್ಲ, ಅದಕ್ಕೆ ಹೇಳಿದೆ. ಯಾಕೆ, ನೀನು ಏನಂದ್ಕೊಂಡಿದ್ದೆ?"

"ಅಂದ್ಕೊಳ್ಳೋದೇನು, ಆರು ವರ್ಷದಿಂದ ನಿನ್ನ ಮೇಲೆ ಹೊಟ್ಟೆ ಉರೀತಿದೆ ನಂಗೆ" ಎಂದ ಮೇಸ್ತ್ರಿ. ಹೇಳಿಬಿಟ್ಟ ಮೇಲೆ ಬೆವರು ಒರೆಸಿಕೊಂಡ.

"ಹೌದಾ?" ಇಸ್ತ್ರಿ ಇನ್ನೊಂದು ಬೇರಿಂಗಿಗೆ ಎಣ್ಣೆ ಹಚ್ಚುತ್ತಿದ್ದವನು ನಿಜವಾಗಿಯೂ ಯೋಚಿಸಿದ. "ನಂಗೆ ಗೊತ್ತೇ ಆಗ್ಲಿಲ್ಲ ಕಣೋ. ಇಲ್ಲಿ ದಿನಾ ಒಂದಲ್ಲ ಒಂದು ರಗಳೆ. ಸುಳ್ಳು ಯಾಕೆ ಹೇಳ್ಲಿ, ನಿನ್ನ ನೆನಪೇ ಆಗಲ್ಲ ನಂಗೆ. ಹಿಡ್ಕೋ, ಓರೆ ಆಗ್ತಿದೆ."

ಮೇಸ್ತ್ರಿ ಹಿಡಿದುಕೊಂಡ. ಆರು ವರ್ಷ ತಾನು ಊದಿ ಊದಿ ಉರಿಸಿದ ಬೆಂಕಿಯ ಹೊಗೆ ಕೂಡ ಇವನ ಮೂಗಿಗೆ ತಾಗಿರಲಿಲ್ಲ. ಬೈದಿದ್ದರೆ, ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ಎಲ್ಲಿ ಇಟ್ಟುಕೊಳ್ಳುವುದೆಂದೇ ಅವನಿಗೆ ತಿಳಿಯಲಿಲ್ಲ. ಎರಡನೆಯ ಬೇರಿಂಗೂ ಟಪ್ಪೆಂದಿತು.

"ಆ ಪಂಪಿನ ಸದ್ದು ನಿಜವಾಗ್ಲೂ ಕೇಳಿಸ್ತಾ ನಿಂಗೆ?" ಎಂದು ಹೊರಡುವಾಗ ಇಸ್ತ್ರಿ ಕೇಳಿದ. ಮೇಸ್ತ್ರಿ ಹೌದೆಂದ. "ನಮ್ಮವರಿಗೆ ಬೈದೆ" ಎಂದಷ್ಟೇ ಹೇಳಿ ಇಸ್ತ್ರಿ ಫೋನೆತ್ತಿಕೊಂಡ.

ಬುಧವಾರ ಏಳೂಮುಕ್ಕಾಲಿಗೆ ಕಾರು ಮನೆಯ ಮುಂದೆ ನಿಂತಿತ್ತು. ಅವಳು ಬಸ್ಸಿಗೆಂದು ಹೋಗಿಯಾಗಿತ್ತು. ಸಂಜೆ ಬಂದು, ಒಂದು ಸುತ್ತು ಓಡಿಸಿ, ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದಳು. ಚೆನ್ನಾಗಿದೆ ಎಂದು ಹೇಳಲಿಲ್ಲ. ಅಡುಗೆಮನೆಯ ಆ ಮಾತುಕತೆಯ ಬಿರುಸು ಇಳಿಯಲು ಇನ್ನೂ ಕೆಲವು ವಾರ ಬೇಕಾಯಿತು. ಎರಡು ತಿಂಗಳ ಲೆಕ್ಕ ಅವಳು ಬೇಗ ಮರೆಯುವವಳಲ್ಲ. ಈ ನಡುವೆ ಮೇಸ್ತ್ರಿ ಶೆಡ್ಡಿನ ಗೋಡೆಗೆ ಒಂದು ಕರಿ ಹಲಗೆ ತಗುಲಿಹಾಕಿ, ಯಾವ ಗಾಡಿ ಯಾವ ದಿನ ಎಂದು ಬರೆಯಲು ಶುರುಮಾಡಿದ. ಬರೆದ ದಿನಕ್ಕೆ ಕೊಡಲಾಗದಿದ್ದಾಗ ಗಿರಾಕಿಗಳು ಹಲಗೆ ತೋರಿಸಿ ಬೈಯತೊಡಗಿದರು.

ವರ್ಷ ತುಂಬುವ ಹೊತ್ತಿಗೆ ಕಂಪನಿಯಿಂದ ಫೋನು ಬಂತು, ಹಿಂದೆಯೇ ಕಾಗದವೂ ಬಂತು. ಗಾಡಿಯನ್ನು ಹೊಸದಾಗಿ ಪರೀಕ್ಷೆ ಮಾಡಿಸಿದರೆ ಮತ್ತೊಂದು ವರ್ಷಕ್ಕೆ ವಾರಂಟಿ ಕೊಡುತ್ತಾರಂತೆ. ಅದೇ ನಿಯಮ, ಅದೇ ಪಟ್ಟಿ, ಅದೇ ಗ್ಯಾರೇಜು. ಹೆಂಡತಿ ಆ ಕಾಗದವನ್ನು ತಂದು ಊಟದ ಮೇಜಿನ ಮೇಲೆ ಅವನ ಮುಂದಿಟ್ಟಳು.

"ಸಹಿ ಹಾಕೋಣ ಅಂತಿದೀನಿ. ನೀವೇನಂತೀರಿ?"

ಮೇಸ್ತ್ರಿ ಕನ್ನಡಕ ಹಾಕಿಕೊಂಡು ಒಂಬತ್ತನೆಯ ನಿಯಮದವರೆಗೂ ಓದಿದ. ಒಳಗೆ ಹಳೆಯ ಕೆಂಡ ಮಗ್ಗುಲು ಬದಲಿಸಿತು.

"ಹಾಕು" ಎಂದ. ಕಾಗದವನ್ನು ಅವಳ ಕಡೆ ಸರಿಸಿ, "ಉರಿಯುತ್ತೆ ನಂಗೆ. ಇವತ್ತೂ ಉರಿಯುತ್ತೆ. ಸುಳ್ಳು ಹೇಳಲ್ಲ" ಎಂದ.

"ಉರೀಲಿ" ಎಂದಳು ಅವಳು, ಪೆನ್ನಿನ ಮುಚ್ಚಳ ತೆಗೆಯುತ್ತ. "ಗಾಡೀಲಿ ಏನಾದ್ರೂ ಕೇಳಿಸಿದ್ರೆ ಮಾತ್ರ ಅವತ್ತೇ ನಂಗೆ ಹೇಳಬೇಕು."

"ಹೇಳ್ತೀನಿ."

ಅವಳು ಸಹಿ ಹಾಕಿದಳು. ಅವನು ಕಾಗದವನ್ನು ತಿರುಗಿಸಿ ದಿನಾಂಕ ಸರಿಯಾಗಿದೆಯೇ ಎಂದು ನೋಡಿ, ಫೈಲಿಗೆ ಸೇರಿಸಿದ.